ದಾಯಾದಿಗಳ ಕಪ್

2009ರ ಜನವರಿ 17, ಶನಿವಾರ ರಾತ್ರಿ. ಮಸ್ಕತ್ತಿನ ರೂವಿಯಲ್ಲಿ ನಾನು ದಿನಾ ಊಟ ಮಾಡುತ್ತಿದ್ದ ಕೆಫೆಟೇರಿಯಾದ ಪರೋಟ ಹುಡುಗ ಹಿಟ್ಟಿನ ಉಂಡೆಗಳನ್ನು ಅಲ್ಲೇ ಬಿಟ್ಟು, ಮೊಣಕೈವರೆಗೆ ಮೈದಾ ಮೆತ್ತಿಕೊಂಡು ಟೀವಿ ಮುಂದೆ ನಿಂತಿದ್ದ. ನನ್ನ ಪಾರ್ಸೆಲ್ ಕಟ್ಟುವವರು ಯಾರೂ ಇರಲಿಲ್ಲ. ಫುಟ್ಬಾಲ್ ಫೈನಲ್‌ನಲ್ಲಿ ಒಮಾನ್ ಮತ್ತು ಸೌದಿ ನೂರಿಪ್ಪತ್ತು ನಿಮಿಷ ಆಡಿದರೂ ಒಂದು ಗೋಲು ಹುಟ್ಟಿರಲಿಲ್ಲ. ಪೆನಾಲ್ಟಿ ನಡೆಯುತ್ತಿತ್ತು. 6-5 ಆದಾಗ ಟೀವಿಯಲ್ಲಿ ಕಾಮೆಂಟ್ರಿ ಹೇಳುವವನು ಅತ್ತನೋ ನಕ್ಕನೋ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗೆ ರೂವಿಯ ಅಷ್ಟೂ ಕಾರುಗಳು ಒಟ್ಟಿಗೆ ಹಾರ್ನ್ ಹೊಡೆಯಲು ಶುರುಮಾಡಿದ್ದವು.

ಪಾರ್ಸೆಲ್ ಆಸೆ ಬಿಟ್ಟು ರಸ್ತೆಗೆ ಬಂದೆ. ಎಂಟು ವರ್ಷದಿಂದ ನೋಡುತ್ತಿದ್ದ ಊರು ಅದಲ್ಲ. ಒಮಾನಿಗಳೆಂದರೆ ಮೆಲುದನಿಯವರು, ಬ್ಯಾಂಕಿನ ಸಾಲಿನಲ್ಲೂ ನಾಲ್ಕು ಸಲ ಕ್ಷೇಮ ಸಮಾಚಾರ ಕೇಳಿದ ಮೇಲೆಯೇ ಕೆಲಸದ ಮಾತೆತ್ತುವವರು. ಅವರ ಮಕ್ಕಳು ಕಾರಿನ ಕಿಟಕಿಯ ಮೇಲೆ ಕೂತು ಬಾವುಟ ಬೀಸುತ್ತಿದ್ದರು. ಒಂದು ಲ್ಯಾಂಡ್ ಕ್ರೂಸರ್ ನನ್ನ ಪಕ್ಕದಲ್ಲೇ ನಿಂತಿತು. ಮುಖಕ್ಕೆ ಕೆಂಪು, ಬಿಳಿ, ಹಸಿರು ಬಣ್ಣ ಬಳಿದುಕೊಂಡಿದ್ದ ಹತ್ತು ವರ್ಷದ ಹುಡುಗನೊಬ್ಬ ‘ಮಬ್ರೂಕ್!’ ಎಂದು ಕೂಗಿ ಒಂದು ಚಿಪ್ಸ್ ಒಮಾನ್ ಪ್ಯಾಕೆಟ್ ನನ್ನ ಕೈಗೆ ತುರುಕಿದ. ನಾನೂ ‘ಮಬ್ರೂಕ್’ ಅಂದೆ. ಗೆದ್ದದ್ದು ಅವನು, ಅಭಿನಂದನೆ ನನಗೆ. ಆ ರಾತ್ರಿ ನನ್ನ ಊಟ ಆ ಚಿಪ್ಸೇ.

ಮರುದಿನ ಬೆಳಿಗ್ಗೆ ಆಫೀಸಿಗೆ ಅಬು ಸಾಲಿಂ ಬಂದರು. ಅವರು ನಮ್ಮ ಕಂಪನಿಯ ಮಂದೂಬ್. ಎಂದರೆ ವೀಸಾ, ಬತಾಕ (ಅಲ್ಲಿ ಇರಲು ಬೇಕಾದ ಗುರುತಿನ ಚೀಟಿ), ಲೇಬರ್ ಆಫೀಸು, ಕಸ್ಟಮ್ಸು ಎಂದು ಫೈಲು ಹಿಡಿದು ದಿನವಿಡೀ ಸರಕಾರಿ ಕೌಂಟರುಗಳ ನಡುವೆ ಓಡಾಡುವ ಮನುಷ್ಯ. ಹೊರದೇಶದಿಂದ ಬಂದ ನಮ್ಮಂಥವರ ಬದುಕೆಲ್ಲ ಅವರ ಕಂಕುಳಲ್ಲಿರುತ್ತಿತ್ತು. ಅವತ್ತು ಅವರ ಗಂಟಲು ಪೂರ್ತಿ ಬಿದ್ದುಹೋಗಿತ್ತು. ನನ್ನ ಮೇಜಿನ ಮುಂದೆ ಕೂತು ಪಿಸುದನಿಯಲ್ಲಿ ಹೇಳಿದ ಮೊದಲ ಮಾತು ಗೋಲ್‌ಕೀಪರ್ ಅಲಿ ಅಲ್ ಹಬ್ಸಿಯ ಬಗ್ಗೆ ಅಲ್ಲ, ಸೌದಿಯ ಬಗ್ಗೆಯೂ ಅಲ್ಲ. ‘ಅಲ್ ಐನ್‌ಗೆ ಫೋನ್ ಮಾಡಿದೆ. ಅವನು ಎತ್ತಲಿಲ್ಲ,’ ಅಂದರು.

ಅಲ್ ಐನ್‌ನಲ್ಲಿ ಇದ್ದವನು ಅವರ ಚಿಕ್ಕಪ್ಪನ ಮಗ. ಫೋನು ಯಾಕೆ ಎತ್ತಲಿಲ್ಲ ಎನ್ನುವುದಕ್ಕೆ ಎರಡು ವರ್ಷ ಹಿಂದಕ್ಕೆ ಹೋಗಬೇಕು, ಹೋಗೋಣ. ಮೊದಲು ಈ ಕಪ್ ಯಾವುದು ಎಂದು ಹೇಳಿಬಿಡುತ್ತೇನೆ.

ಇದು ಕೊಲ್ಲಿ ದೇಶಗಳ ಫುಟ್ಬಾಲ್ ಟೂರ್ನಿ. ಇಂಗ್ಲಿಷ್ ಪತ್ರಿಕೆಗಳಲ್ಲಿ ಅರೇಬಿಯನ್ ಗಲ್ಫ್ ಕಪ್. ಅಲ್ಲಿನವರ ಬಾಯಲ್ಲಿ ಬರೀ ‘ಖಲೀಜಿ’. ಖಲೀಜ್ ಎಂದರೆ ಕೊಲ್ಲಿ. ಎಷ್ಟನೆಯ ಸಲ ನಡೆಯುತ್ತಿದೆಯೋ ಆ ಸಂಖ್ಯೆಯನ್ನೇ ಮುಂದೆ ಸೇರಿಸುತ್ತಾರೆ. ಮಸ್ಕತ್ತಿನದು ಖಲೀಜಿ 19. ಎಂಟು ತಂಡಗಳು: ಸೌದಿ, ಕುವೈತ್, ಬಹ್ರೇನ್, ಕತಾರ್, ಯುಎಇ, ಒಮಾನ್, ಇರಾಕ್, ಯೆಮೆನ್. ಎರಡು ವರ್ಷಕ್ಕೊಮ್ಮೆ ಎಂದು ಲೆಕ್ಕ. ಆ ಲೆಕ್ಕ ಸರಿಯಾಗಿ ನಡೆದದ್ದು ಕಡಿಮೆ.

ಆಟದ ಮಟ್ಟ ಕೇಳಿದರೆ, ಯೂರೋಪಿನ ಲೀಗುಗಳನ್ನು ನೋಡಿ ಬೆಳೆದವರಿಗೆ ಇದು ಮಂದ ಅನ್ನಿಸುತ್ತದೆ. ಫಿಫಾ ಕ್ಯಾಲೆಂಡರಿನಲ್ಲಿ ಇದಕ್ಕೆಂದು ಬಿಡುವು ಇಲ್ಲ. ಹಾಗಾಗಿ ಆಟಗಾರನನ್ನು ಕಳಿಸಿಕೊಡಬೇಕೆಂಬ ಕಟ್ಟುಪಾಡು ಯೂರೋಪಿನ ಕ್ಲಬ್ಬುಗಳಿಗೂ ಇಲ್ಲ. ಏಷ್ಯನ್ ಕಪ್ ಇದಕ್ಕಿಂತ ದೊಡ್ಡದು, ವಿಶ್ವಕಪ್ ಅರ್ಹತಾ ಪಂದ್ಯಗಳು ಇದಕ್ಕಿಂತ ಮುಖ್ಯ. ಅದು ಅಲ್ಲಿನವರಿಗೂ ಗೊತ್ತು. ಆದರೂ ಏಷ್ಯನ್ ಕಪ್ ಸೋತ ಕೋಚ್‌ನನ್ನು ಕ್ಷಮಿಸಿದವರು ಖಲೀಜಿ ಸೋತವನನ್ನು ಕ್ಷಮಿಸುವುದಿಲ್ಲ. ಜಪಾನ್ ಎದುರು ಸೋತರೆ ಮರೆತುಹೋಗುತ್ತದೆ. ಪಕ್ಕದ ಮನೆಯವನ ಎದುರು ಸೋತರೆ ನಾಳೆ ಬೆಳಿಗ್ಗೆ ಮತ್ತೆ ಅವನ ಮುಖ ನೋಡಬೇಕು.

ನಮ್ಮ ಕಡೆ, ಕರಾವಳಿಯಲ್ಲಿ, ಇದಕ್ಕೆ ಒಂದು ಪದ ಇದೆ: ದಾಯಾದಿ. ಬಂಧುವೂ ಹೌದು, ಎದುರಾಳಿಯೂ ಹೌದು. ಒಂದೇ ಮೂಲದವನು, ಪಾಲು ಕೇಳುವವನು. ನಮ್ಮ ಕುಟುಂಬದ ಮೂಲ ನಾಗಬನ ಇರುವುದು ಒಬ್ಬ ದೊಡ್ಡಪ್ಪನ ಜಾಗದಲ್ಲಿ. ಗದ್ದೆಯ ಬದುವಿನ ವಿಷಯದಲ್ಲಿ ಅವರಿಗೂ ನಮ್ಮಪ್ಪನಿಗೂ ಮಾತಿಲ್ಲದೆ ಹನ್ನೊಂದು ವರ್ಷ ಆಗಿತ್ತು. ಆದರೆ ನಾಗರಪಂಚಮಿ ದಿನ ತನು ಹಾಕಲು ಅಪ್ಪ ಅಲ್ಲಿಗೆ ಹೋಗಲೇಬೇಕು. ಹೋಗುತ್ತಿದ್ದರು, ಹಾಲು ಎರೆಯುತ್ತಿದ್ದರು, ಒಂದು ಮಾತೂ ಆಡದೆ ಪ್ರಸಾದ ತೆಗೆದುಕೊಂಡು ಬರುತ್ತಿದ್ದರು. ಮನೆಗೆ ಬಂದ ಕೂಡಲೇ ಅಮ್ಮ ಕೇಳುತ್ತಿದ್ದದ್ದು ಪೂಜೆ ಹೇಗಾಯಿತು ಎಂದಲ್ಲ. ‘ಯಾರ್ಯಾರು ಬಂದಿದ್ರು?’

ಖಲೀಜಿಯನ್ನು ನಾನು ಅರ್ಥ ಮಾಡಿಕೊಂಡದ್ದು ಅಮ್ಮನ ಈ ಪ್ರಶ್ನೆಯಿಂದ. ಕಪ್ ಯಾರು ಎತ್ತಿದರು ಎಂಬುದು ದಾಖಲೆ ಪುಸ್ತಕಕ್ಕೆ. ಯಾರು ಬಂದರು, ಯಾರು ಬರಲಿಲ್ಲ, ಯಾರು ಊಟದ ಪಂಕ್ತಿಯಿಂದ ನಡುವೆ ಎದ್ದು ಹೋದರು ಎಂಬುದೇ ಅದರ ನಿಜವಾದ ಕತೆ.

ಈಗ ಅಲ್ ಐನ್‌ಗೆ ಬರೋಣ. ಒಮಾನಿನ ಬುರೈಮಿ ಮತ್ತು ಯುಎಇಯ ಅಲ್ ಐನ್ ನಕ್ಷೆಯಲ್ಲಿ ಎರಡು ಊರು, ನೆಲದ ಮೇಲೆ ಒಂದೇ ಓಯಸಿಸ್. ಅದೇ ಖರ್ಜೂರದ ತೋಟಗಳು, ಅದೇ ಬುಡಕಟ್ಟುಗಳು. 1950ರ ದಶಕದಲ್ಲಿ ಇಡೀ ಬುರೈಮಿ ತನ್ನದೆಂದು ಸೌದಿ ಸಿಪಾಯಿಗಳನ್ನೂ ಕಳಿಸಿತ್ತು. ಮೂರೂ ಕಡೆಯವರಿಗೆ ಆ ನೆನಪು ಇನ್ನೂ ಇದೆ. ನಾನು ಮಸ್ಕತ್ತಿಗೆ ಹೋದ ಹೊಸದರಲ್ಲಿ ಎರಡೂ ಊರಿನ ನಡುವೆ ಓಡಾಟ ಸಲೀಸು, ಆಮೇಲೆ ಬೇಲಿ ಬಂತು. ಅಬು ಸಾಲಿಂ ಅವರ ಅಜ್ಜನ ಮನೆ ಬೇಲಿಯ ಈಚೆ, ಚಿಕ್ಕಪ್ಪನ ಮನೆ ಆಚೆ. ಒಂದೇ ಅಜ್ಜನ ಮೊಮ್ಮಕ್ಕಳಲ್ಲಿ ಒಬ್ಬ ಒಮಾನಿ, ಇನ್ನೊಬ್ಬ ಎಮಿರಾತಿ. ಒಬ್ಬನಿಗೆ ಮಂದೂಬನ ಸಂಬಳ, ಇನ್ನೊಬ್ಬನಿಗೆ ಅಬುಧಾಬಿಯ ಎಣ್ಣೆ ದುಡ್ಡಿನ ಸರಕಾರದಲ್ಲಿ ನೌಕರಿ. ಅಬು ಸಾಲಿಂ ಇದನ್ನು ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಚಿಕ್ಕಪ್ಪನ ಮಗ ಹೊಸ ಕಾರು ತೆಗೆದುಕೊಂಡ ವಾರ ನಮ್ಮ ಫೈಲುಗಳು ಸ್ವಲ್ಪ ನಿಧಾನ ಆಗುತ್ತಿದ್ದವು.

2004ರಲ್ಲಿ ದೋಹಾದ ಫೈನಲ್‌ನಲ್ಲಿ ಒಮಾನ್ ಆತಿಥೇಯ ಕತಾರಿಗೆ ಪೆನಾಲ್ಟಿಯಲ್ಲಿ ಸೋತಿತ್ತು. 2007ರಲ್ಲಿ ಅಬುಧಾಬಿಯ ಫೈನಲ್‌ನಲ್ಲಿ ಮತ್ತೆ ಆತಿಥೇಯರ ಎದುರು, ಈ ಸಲ ಯುಎಇ. ಇಸ್ಮಾಯಿಲ್ ಮತರ್ ಹೊಡೆದ ಒಂದೇ ಗೋಲು. ಯುಎಇಗೆ ಅದು ಮೊದಲ ಖಲೀಜಿ. ಅವತ್ತು ರಾತ್ರಿ ಅಲ್ ಐನ್‌ನಿಂದ ಫೋನ್ ಬಂದಿತ್ತಂತೆ. ಅಬು ಸಾಲಿಂ ಎತ್ತಿದರೆ ಆಚೆ ಕಡೆ ಮಾತಿಲ್ಲ, ಬರೀ ಹಾರ್ನ್. ಚಿಕ್ಕಪ್ಪನ ಮಗ ಫೋನನ್ನು ಕಾರಿನ ಕಿಟಕಿಯಿಂದ ಹೊರಗೆ ಹಿಡಿದು ಐದು ನಿಮಿಷ ಕೇಳಿಸಿದ್ದನಂತೆ. ಎರಡು ವರ್ಷ ಕಾದು, 2009ರ ಜನವರಿ 17ರಂದು ಅಬು ಸಾಲಿಂ ಅದನ್ನು ವಾಪಸ್ ಕೊಡಲು ಹೋದರು. ಅವನು ಫೋನ್ ಎತ್ತಲಿಲ್ಲ.

ಒಮಾನ್ ಆ ಟೂರ್ನಿಯಲ್ಲಿ ಐದು ಪಂದ್ಯ ಆಡಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಗೋಲು ಕಾದ ಅಲಿ ಅಲ್ ಹಬ್ಸಿ ಸೀಬ್ ವಿಮಾನ ನಿಲ್ದಾಣದಲ್ಲಿ ಬೆಂಕಿ ಆರಿಸುವ ಕೆಲಸದಲ್ಲಿದ್ದವರು. ಅಲ್ಲಿಂದ ನಾರ್ವೆಗೆ, ನಾರ್ವೆಯಿಂದ ಇಂಗ್ಲೆಂಡಿನ ಬೋಲ್ಟನ್‌ಗೆ ಹೋದರು. ಖಲೀಜಿಯ ಅತ್ಯುತ್ತಮ ಗೋಲ್‌ಕೀಪರ್ ಪ್ರಶಸ್ತಿ ನಾಲ್ಕು ಟೂರ್ನಿಗಳಲ್ಲಿ ಸತತವಾಗಿ ಅವರದೇ. ಇರಾಕಿಗೆ ನಾಲ್ಕು ಗೋಲು ಹೊಡೆದ ಪಂದ್ಯದಲ್ಲಿ ಹಸನ್ ರಬಿಯಾ ಒಬ್ಬನೇ ಮೂರು ಹೊಡೆದಿದ್ದ. ಒಮಾನಿಗಳಿಗೆ ಈ ಗೆಲುವು ಏನೆಂದು ತಿಳಿಯಲು ಹಿಂದಿನ ಕತೆ ಬೇಕು. 1974ರಲ್ಲಿ ಮೊದಲ ಸಲ ಆಡಲು ಬಂದವರು, ಮೂರು ದಶಕ ಬಹುತೇಕ ಕೊನೆಯ ಸಾಲಿನಲ್ಲೇ ಇದ್ದವರು. ಬಡ ದಾಯಾದಿ. ಪಂಕ್ತಿಯ ತುದಿಯಲ್ಲಿ ಕೂರಿಸುತ್ತಾರಲ್ಲ, ಹಾಗೆ.

ಈ ಕಪ್ ಅದನ್ನು ಆಡುವ ಕೆಲವು ದೇಶಗಳಿಗಿಂತಲೂ ಹಳೆಯದು. ಮೊದಲ ಟೂರ್ನಿ ನಡೆದದ್ದು 1970ರ ಮಾರ್ಚ್ ಕೊನೆಯಲ್ಲಿ, ಬಹ್ರೇನಿನಲ್ಲಿ. ಆಡಿದ್ದು ನಾಲ್ಕೇ ತಂಡ: ಬಹ್ರೇನ್, ಕುವೈತ್, ಕತಾರ್, ಸೌದಿ. ಬಹ್ರೇನ್ ಮತ್ತು ಕತಾರ್ ಆಗ ಇನ್ನೂ ಬ್ರಿಟಿಷರ ರಕ್ಷಣೆಯಲ್ಲಿದ್ದವು, ಸ್ವತಂತ್ರ ದೇಶ ಆದದ್ದು 1971ರಲ್ಲಿ. ಯುಎಇ ಹುಟ್ಟಿದ್ದು ಅದೇ ವರ್ಷದ ಡಿಸೆಂಬರ್ 2ಕ್ಕೆ. 1972ರಲ್ಲಿ ರಿಯಾದ್‌ನ ಎರಡನೆಯ ಖಲೀಜಿಗೆ ಅದು ಬಂದಾಗ ಆ ದೇಶಕ್ಕೆ ಇನ್ನೂ ಹಲ್ಲು ಬಂದಿರಲಿಲ್ಲ. ಗಲ್ಫ್ ಸಹಕಾರ ಮಂಡಳಿ ಸ್ಥಾಪನೆಯಾದದ್ದು 1981ರಲ್ಲಿ. ಒಟ್ಟಿಗೆ ಕೂತು ಮಾತಾಡುವ ಮೊದಲು ಇವರು ಹನ್ನೊಂದು ವರ್ಷ ಒಟ್ಟಿಗೆ ಚೆಂಡು ಒದ್ದಿದ್ದರು. ಇನ್ನೊಂದು ಮಾತು. ಆ ಮೊದಲ ಟೂರ್ನಿಗೆ ಕೆಲವೇ ವರ್ಷ ಮುಂಚೆ ಈ ತೀರದ ಬಹುಭಾಗದಲ್ಲಿ ಚಲಾವಣೆಯಲ್ಲಿ ಇದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಗಲ್ಫ್‌ಗೆಂದೇ ಅಚ್ಚು ಹಾಕಿಸುತ್ತಿದ್ದ ರೂಪಾಯಿ ನೋಟು. ಈಗ ಒಮಾನಿ ರಿಯಾಲಿಗೆ ಇನ್ನೂರು ಚಿಲ್ಲರೆ ರೂಪಾಯಿ ಲೆಕ್ಕ ಹಾಕಿ ಊರಿಗೆ ದುಡ್ಡು ಕಳಿಸುವವರಿಗೆ ಹೇಳಿದರೆ ನಂಬುವುದಿಲ್ಲ.

ಮೊದಲ ನಾಲ್ಕೂ ಕಪ್ ಕುವೈತಿನದು. ಒಟ್ಟು ಹತ್ತು. 26 ಟೂರ್ನಿಗಳಲ್ಲಿ ಹತ್ತು ಒಂದೇ ಮನೆಗೆ ಹೋಗಿದೆ. ಆದರೆ ಕೊನೆಯದು 2010ರಲ್ಲಿ, ಆಮೇಲೆ ಇಲ್ಲ. ಹಳೇ ಗುತ್ತಿನ ಮನೆಯ ಹಾಗೆ ಕುವೈತಿಗಳು ಈಗಲೂ ಆ ಹತ್ತರ ಮೇಲೆಯೇ ಮಾತಾಡುತ್ತಾರೆ. ಇರಾಕ್ ಸೇರಿದ್ದು 1976ರಲ್ಲಿ. 1979ರಲ್ಲಿ ಬಾಗ್ದಾದಿನಲ್ಲಿ ಹುಸೇನ್ ಸಯೀದ್ ಒಬ್ಬರೇ ಹತ್ತು ಗೋಲು ಹೊಡೆದು ಕಪ್ ಗೆಲ್ಲಿಸಿದರು.

ಮತ್ತೆ ಬಂತು 1990. ಟೂರ್ನಿ ಕುವೈತಿನಲ್ಲಿ. ಲಾಂಛನವಾಗಿ ಎರಡು ಕುದುರೆಗಳನ್ನು ಆರಿಸಿದ್ದರು. ಅದರಲ್ಲಿ ಸೌದಿಗೆ ಕಂಡದ್ದು 1920ರ ಜಹ್ರಾ ಕಾಳಗದ ನೆನಪು. ಸೌದಿ ದೊರೆಯ ಕಡೆಯಿಂದ, ನಜ್ದ್‌ನಿಂದ ಬಂದ ಇಖ್ವಾನ್ ಪಡೆಯನ್ನು ಕುವೈತಿಗಳು ಕೆಂಪು ಕೋಟೆಯಲ್ಲಿ ತಡೆದು ನಿಲ್ಲಿಸಿದ ಕಾಳಗ ಅದು. ಎಪ್ಪತ್ತು ವರ್ಷದ ಹಿಂದಿನ ಬದುವಿನ ಜಗಳ. ಸೌದಿ ಬರಲೇ ಇಲ್ಲ. ಬಂದ ಇರಾಕ್ ನಡುವೆ ಎದ್ದು ಹೋಯಿತು. ಕುವೈತ್ ಕಪ್ ಗೆದ್ದಿತು. ಅದು ನಡೆದದ್ದು ವರ್ಷದ ಆರಂಭದಲ್ಲಿ. ಅದೇ ಆಗಸ್ಟ್ 2ರಂದು ಇರಾಕಿನ ಟ್ಯಾಂಕುಗಳು ಕುವೈತಿಗೆ ನುಗ್ಗಿದವು. ಫುಟ್ಬಾಲಿಗೂ ಯುದ್ಧಕ್ಕೂ ನಾನು ಗಂಟು ಹಾಕುತ್ತಿಲ್ಲ, ಎಣ್ಣೆ ಮತ್ತು ಸಾಲದ ಲೆಕ್ಕ ಬೇರೆಯೇ ಇತ್ತು. ಆದರೆ ಪಂಕ್ತಿಯಿಂದ ಎದ್ದುಹೋದವನ ಮುಖ ಯಾರಾದರೂ ಸರಿಯಾಗಿ ನೋಡಿದ್ದರೋ ಇಲ್ಲವೋ. ಇರಾಕನ್ನು ಮತ್ತೆ ಪಂಕ್ತಿಗೆ ಕರೆದದ್ದು 2004ರಲ್ಲಿ. ನಡುವೆ ಹದಿನಾಲ್ಕು ವರ್ಷ.

ನಾನು ಕಣ್ಣಾರೆ ಕಂಡ ಜಗಳ 2017ರದು. ಜೂನ್ 5ರ ಬೆಳಿಗ್ಗೆ ಸೌದಿ, ಯುಎಇ, ಬಹ್ರೇನ್ ಮತ್ತು ಈಜಿಪ್ಟ್ ಸೇರಿ ಕತಾರಿನ ಜೊತೆ ಸಂಬಂಧ ಕಡಿದುಕೊಂಡವು. ನೆಲ, ಸಮುದ್ರ, ಆಕಾಶ ಮೂರೂ ಬಂದ್. ಕೊಲ್ಲಿಯ ಆ ಮೂರು ದೇಶಗಳಲ್ಲಿದ್ದ ಕತಾರಿಗಳಿಗೆ ಹೊರಡಲು ಹದಿನಾಲ್ಕು ದಿನ ಗಡುವು. ಗಂಡ ಒಂದು ದೇಶ, ಹೆಂಡತಿ ಇನ್ನೊಂದು ದೇಶ ಆದ ಮನೆಗಳಲ್ಲಿ ಮಕ್ಕಳು ಯಾರ ಜೊತೆ ಹೋಗಬೇಕೆಂದು ಗೊತ್ತಾಗಲಿಲ್ಲ. ಸೌದಿಯ ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದ ಕತಾರಿಗಳ ಸಾವಿರಾರು ಒಂಟೆ ಕುರಿಗಳನ್ನೂ ಗಡಿಯಾಚೆ ಅಟ್ಟಿದರು. ಕತಾರಿನ ಬಗ್ಗೆ ಸಹಾನುಭೂತಿ ತೋರಿಸಿದರೆ ಹದಿನೈದು ವರ್ಷದವರೆಗೆ ಜೈಲು ಎಂದು ಯುಎಇ ಹೇಳಿತು. ಒಮಾನ್ ಮತ್ತು ಕುವೈತ್ ಎರಡೂ ಕಡೆ ಸೇರಲಿಲ್ಲ. ದುಬೈ ಮೂಲಕ ಹೋಗುತ್ತಿದ್ದ ಕತಾರಿನ ಸರಕು ಸೋಹಾರ್ ಬಂದರಿನಿಂದ ಹೋಗತೊಡಗಿತು. ಆ ಬೇಸಿಗೆಯಿಡೀ ನಾನು ಆಫೀಸಿನಲ್ಲಿ ಹತ್ತು ಗಂಟೆವರೆಗೆ ಕೂತು ಮಾಡಿದ್ದು ಅದರ ಇನ್‌ವಾಯ್ಸುಗಳನ್ನೇ. ದಾಯಾದಿಗಳು ಜಗಳಾಡಿದರೆ ಗುಮಾಸ್ತನಿಗೆ ಓವರ್‌ಟೈಮ್.

ಆ ವರ್ಷ ಡಿಸೆಂಬರಿನ ಖಲೀಜಿ 23 ನಡೆಯಬೇಕಾಗಿದ್ದದ್ದು ಎಲ್ಲಿ? ಕತಾರಿನಲ್ಲಿ. ಮೂವರು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಕುವೈತಿನ ಫುಟ್ಬಾಲ್ ಸಂಸ್ಥೆಯ ಮೇಲೆ ಫಿಫಾ 2015ರಲ್ಲಿ ಹಾಕಿದ್ದ ನಿಷೇಧ ಇನ್ನೂ ಇತ್ತು. ಅದು ತೆರವಾದದ್ದು ಡಿಸೆಂಬರ್ 6ಕ್ಕೆ. ತಕ್ಷಣ ಕತಾರ್ ಹಿಂದೆ ಸರಿದು ಟೂರ್ನಿಯನ್ನು ಕುವೈತಿಗೆ ಬಿಟ್ಟುಕೊಟ್ಟಿತು. ಡಿಸೆಂಬರ್ 22ಕ್ಕೆ ಮೊದಲ ಪಂದ್ಯ. ಹದಿನಾರು ದಿನದಲ್ಲಿ ಒಂದು ಟೂರ್ನಿ! ನಮ್ಮಲ್ಲಿ ಹದಿನಾರು ದಿನದಲ್ಲಿ ಮದುವೆಯ ಛತ್ರ ಸಿಗುವುದಿಲ್ಲ. ನಿನ್ನ ಅಂಗಳಕ್ಕೆ ಬರುವುದಿಲ್ಲ, ಅವನ ಅಂಗಳವಾದರೆ ಬರುತ್ತೇನೆ ಎನ್ನುವ ಜಗಳ ಅದು. ಎಂಟೂ ತಂಡ ಬಂದವು.

ಎರಡು ವರ್ಷದ ನಂತರ ಮತ್ತೆ ಕತಾರಿನ ಸರದಿ. ಸೌದಿ, ಯುಎಇ, ಬಹ್ರೇನ್ ಬರುವುದಿಲ್ಲವೆಂದು ಐದೇ ತಂಡಗಳಿಗೆ ಡ್ರಾ ಎತ್ತಿಯಾಗಿತ್ತು. ಟೂರ್ನಿಗೆ ಎರಡು ವಾರ ಇರುವಾಗ, ನವೆಂಬರ್ ನಡುವೆ, ಮೂವರೂ ಬರುತ್ತೇವೆ ಎಂದರು. ಮತ್ತೆ ಡ್ರಾ. ಆಫೀಸಿನಲ್ಲಿ ಅಬು ಸಾಲಿಂ ಪತ್ರಿಕೆ ಮಡಿಸಿಟ್ಟು ‘ಖಲಾಸ್, ಜಗಳ ಮುಗೀತು,’ ಅಂದರು. ‘ಇನ್ನೂ ಗಡಿ ತೆಗೆದಿಲ್ಲವಲ್ಲ?’ ಅಂದೆ. ‘ಅದು ಕಾಗದ. ಕಾಗದ ನಿಧಾನ ಆಗುತ್ತದೆ. ನಾನು ಮಂದೂಬ್, ನನಗೆ ಗೊತ್ತು.’ ಸೌದಿಯ ಅಲ್ ಉಲಾದಲ್ಲಿ ರಾಜಿ ಕಾಗದಕ್ಕೆ ಸಹಿ ಬಿದ್ದದ್ದು 2021ರ ಜನವರಿ 5ಕ್ಕೆ. ವಿದೇಶಾಂಗ ತಜ್ಞರಿಗಿಂತ ಅಬು ಸಾಲಿಂ ಒಂದು ವರ್ಷ ಮುಂದಿದ್ದರು. ಆ ಟೂರ್ನಿಯ ಫೈನಲ್‌ನಲ್ಲಿ ಬಹ್ರೇನ್ ಸೌದಿಯನ್ನು 1-0ರಿಂದ ಸೋಲಿಸಿ ಮೊದಲ ಸಲ ಕಪ್ ಎತ್ತಿತು. 1970ರಲ್ಲಿ ಹಬ್ಬ ಶುರುಮಾಡಿದ ಮನೆಗೆ ಪ್ರಸಾದ ತಲುಪಲು 49 ವರ್ಷ ಬೇಕಾಯಿತು.

ಬಸ್ರಾದ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. 2013ರ ಟೂರ್ನಿ ಬಸ್ರಾದಲ್ಲಿ ಎಂದಿತ್ತು, ಬಹ್ರೇನಿಗೆ ಹೋಯಿತು. 2014ರದ್ದೂ ಬಸ್ರಾ ಎಂದಿತ್ತು, ಕೊನೆಗೆ ರಿಯಾದ್‌ಗೆ ಹೋಯಿತು. 65,000 ಜನ ಹಿಡಿಸುವ ಸ್ಟೇಡಿಯಂ ಕಟ್ಟಿ, ಅದರ ಹೊರಗೋಡೆಗೆ ಖರ್ಜೂರದ ಮರದ ಕಾಂಡದ ರೂಪ ಕೊಟ್ಟು, ನೆಂಟರು ಬರುತ್ತಾರೆಂದು ಕಾದು ಕೂತಿದ್ದ ಊರು. ಕೊನೆಗೂ 2023ರ ಜನವರಿ 6ಕ್ಕೆ ಖಲೀಜಿ 25 ಅಲ್ಲಿ ಶುರುವಾಯಿತು. ಇರಾಕ್ ನೆಲದಲ್ಲಿ 44 ವರ್ಷದ ಮೇಲೆ.

ಕುವೈತ್ ಸಿಟಿಯಿಂದ ಬಸ್ರಾಕ್ಕೆ ಕಾರಿನಲ್ಲಿ ಹೋಗುವವರ ದಾರಿ ಜಹ್ರಾ, ಅಬ್ದಲಿ, ಸಫ್ವಾನ್. 1991ರ ಫೆಬ್ರವರಿಯಲ್ಲಿ ಕುವೈತ್ ಬಿಟ್ಟು ಓಡುತ್ತಿದ್ದ ಇರಾಕಿ ಸೈನ್ಯದ ಮೇಲೆ ಅಮೆರಿಕದ ವಿಮಾನಗಳು ಬಾಂಬು ಸುರಿಸಿ ಸುಟ್ಟ ವಾಹನಗಳ ಸಾಲು ನಿಂತಿದ್ದದ್ದು ಇದೇ ರಸ್ತೆಯ ಮೇಲೆ. ಕದನವಿರಾಮದ ಮಾತುಕತೆ ನಡೆದದ್ದು ಇದೇ ಸಫ್ವಾನ್‌ನಲ್ಲಿ. ಮೂವತ್ತೆರಡು ವರ್ಷದ ನಂತರ ಅದೇ ರಸ್ತೆಯಲ್ಲಿ ಕುವೈತಿನ ಕಾರುಗಳು ಫುಟ್ಬಾಲ್ ನೋಡಲು ಬಸ್ರಾಕ್ಕೆ ಹೋದವು. ಹೋಟೆಲುಗಳು ತುಂಬಿದವು. ಆಮೇಲೆ ಆದದ್ದನ್ನು ನಾನು ವಾಟ್ಸಾಪಿನಲ್ಲಿ ಬಂದ ಡಜನುಗಟ್ಟಲೆ ವೀಡಿಯೋಗಳಲ್ಲಿ ನೋಡಿದೆ. ಬಸ್ರಾದವರು ರಸ್ತೆಗೆ ಬಂದು ಕಾರು ನಿಲ್ಲಿಸಿ ಕುವೈತಿಗಳನ್ನು, ಒಮಾನಿಗಳನ್ನು ಮನೆಗೆ ಎಳೆದುಕೊಂಡು ಹೋಗುತ್ತಿದ್ದಾರೆ. ಬೀದಿಯಲ್ಲೇ ಬೆಂಕಿ ಹಾಕಿ ಮಸ್ಗೂಫ್ ಮೀನು ಸುಡುತ್ತಿದ್ದಾರೆ. ಚಹಾಕ್ಕೆ ದುಡ್ಡು ಕೊಡಲು ಹೋದವನ ಕೈಯನ್ನು ಅಂಗಡಿಯವನು ಹಿಡಿದು ಜೇಬಿಗೇ ವಾಪಸ್ ಹಾಕುತ್ತಿದ್ದಾನೆ. ನಮ್ಮ ಆಫೀಸಿನಿಂದ ಹೋಗಿದ್ದ ಒಬ್ಬ ಒಮಾನಿ ಹುಡುಗ ನಾಲ್ಕು ದಿನದಲ್ಲಿ ಒಂದು ಹೊತ್ತಿನ ಊಟಕ್ಕೂ ದುಡ್ಡು ಕೊಟ್ಟಿರಲಿಲ್ಲ, ತೂಕ ಮಾತ್ರ ಏರಿಸಿಕೊಂಡು ಬಂದ.

ಎಲ್ಲ ಚೆನ್ನಾಗಿಯೇ ಆಯಿತು ಎಂದಲ್ಲ. ಉದ್ಘಾಟನೆಯ ದಿನ ಗದ್ದಲದಲ್ಲಿ ಕುವೈತಿನ ಗಣ್ಯರಿಗೆ ಒಳಗೆ ಜಾಗ ಸಿಗದೆ ಅವರು ವಾಪಸ್ ಹೋದರು, ಇರಾಕ್ ಕ್ಷಮೆ ಕೇಳಿತು. ‘ಅರಬ್ ಕೊಲ್ಲಿ’ ಎಂಬ ಹೆಸರಿಗೆ ಇರಾನ್ ಸಿಟ್ಟಾಯಿತು. ಅದಕ್ಕೆ ಅದು ಯಾವತ್ತೂ ಪರ್ಷಿಯನ್ ಕೊಲ್ಲಿಯೇ. (ನಾನು ಶಾಲೆಯಲ್ಲಿ ಕಲಿತದ್ದೂ ಪರ್ಷಿಯನ್ ಕೊಲ್ಲಿ ಎಂದೇ. ಮಸ್ಕತ್ತಿಗೆ ಹೋದ ಮೊದಲ ತಿಂಗಳು ಒಂದು ಕಾಗದದಲ್ಲಿ ಹಾಗೆ ಟೈಪು ಮಾಡಿದ್ದೆ. ಅಬು ಸಾಲಿಂ ಏನೂ ಹೇಳದೆ ಪೆನ್ನು ತೆಗೆದು ಆ ಒಂದು ಪದದ ಮೇಲೆ ಗೀಟು ಎಳೆದು ನನ್ನ ಮುಂದಿಟ್ಟಿದ್ದರು.) ಮತ್ತೆ ಜನವರಿ 19, ಫೈನಲ್ ದಿನ ಬೆಳಿಗ್ಗೆ, ಟಿಕೆಟ್ ಇಲ್ಲದವರೂ ಸೇರಿ ಸಾವಿರಾರು ಜನ ಗೇಟಿಗೆ ಒತ್ತಿ ನೂಕುನುಗ್ಗಲಾಯಿತು. ಸಾವಾಯಿತು. ಸಂಜೆ ಪಂದ್ಯ ಅಲ್ಲೇ ನಡೆಯಿತು. ಅದನ್ನು ಸರಿಯೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಆ ಪಂದ್ಯವೋ! ಇರಾಕ್ 1-0 ಮುಂದೆ. ಒಮಾನ್‌ಗೆ ಪೆನಾಲ್ಟಿ ಸಿಕ್ಕಿತು, ಜಲಾಲ್ ಹಸನ್ ಹಿಡಿದರು. ಮುಗಿಯಿತು ಎನ್ನುವಾಗ ಹೆಚ್ಚುವರಿ ಹತ್ತನೆಯ ನಿಮಿಷದಲ್ಲಿ ಇನ್ನೊಂದು ಪೆನಾಲ್ಟಿ, ಸಲಾಹ್ ಅಲ್ ಯಹ್ಯಾಯಿ ಹೊಡೆದ, 1-1. ಎಕ್ಸ್‌ಟ್ರಾ ಟೈಮಿನ 116ರಲ್ಲಿ ಇರಾಕ್, 119ರಲ್ಲಿ ಒಮಾನ್, 122ರಲ್ಲಿ ಮನಾಫ್ ಯೂನಿಸ್ ತಲೆಯಿಂದ ಇರಾಕಿಗೆ. 3-2. ಸೋತ ರಾತ್ರಿಯೂ ಮಸ್ಕತ್ತಿನಲ್ಲಿ ನಾಲ್ಕು ಹಾರ್ನ್ ಕೇಳಿದವು. ಯಾರೆಂದು ಮರುದಿನ ಕೇಳಿದರೆ ಅಬು ಸಾಲಿಂ, ‘ಬಸ್ರಾಕ್ಕೆ ಹೋಗಿ ತಿಂದು ಬಂದವರು. ಉಂಡ ಮನೆಗೆ ಮಬ್ರೂಕ್ ಹೇಳಬೇಡವೇ?’ ಅಂದರು.

ಯೆಮೆನ್‌ನದು ಇನ್ನೊಂದೇ ಕತೆ. 2003ರಲ್ಲಿ ಸೇರಿತು. 2010ರಲ್ಲಿ ಏಡನ್ ಮತ್ತು ಜಿಂಜಿಬಾರಿನಲ್ಲಿ ಟೂರ್ನಿಯನ್ನೂ ನಡೆಸಿತು. ಮುಂದಿನ ಯುದ್ಧದಲ್ಲಿ ಏಡನ್‌ನ ಸ್ಟೇಡಿಯಂ ಹಾಳಾಯಿತು. ಪಂದ್ಯ ಮಾತ್ರ ಒಂದನ್ನೂ ಗೆದ್ದಿರಲಿಲ್ಲ. 2024ರ ಡಿಸೆಂಬರಿನಲ್ಲಿ, ಕುವೈತಿನ ಖಲೀಜಿ 26ರಲ್ಲಿ, ಸೌದಿ ವಿರುದ್ಧ 2-0 ಮುಂದಿದ್ದು 3-2ಕ್ಕೆ ಸೋತಿತು. ಅದಾದ ಮೇಲೆ ಬಹ್ರೇನನ್ನು 2-1ರಿಂದ ಸೋಲಿಸಿತು. ಮೊದಲ ಗೆಲುವು, 21 ವರ್ಷದ ಮೇಲೆ. ಬಹ್ರೇನ್ ಆಗಲೇ ಸೆಮಿಫೈನಲ್‌ಗೆ ಹೋಗಿಯಾಗಿತ್ತು ಎಂದು ಮೂಗು ಮುರಿದವರಿದ್ದರು. ಮುರಿಯಲಿ. ಅದೇ ಬಹ್ರೇನ್ ವಾರ ಕಳೆದು ಫೈನಲ್‌ನಲ್ಲಿ ಒಮಾನನ್ನು ಸೋಲಿಸಿ ಕಪ್ ಎತ್ತಿತು. ಎಂದರೆ ಆ ಸಲದ ಚಾಂಪಿಯನ್ನರನ್ನು ಸೋಲಿಸಿದ ಒಂದೇ ತಂಡ ಯೆಮೆನ್.

ಆ ಟೂರ್ನಿಯ ಉದ್ಘಾಟನೆಗೆ, ಡಿಸೆಂಬರ್ 21ರಂದು, ಜಾಬರ್ ಅಲ್ ಅಹ್ಮದ್ ಸ್ಟೇಡಿಯಂನಲ್ಲಿ ಗೌರವ ಅತಿಥಿಯಾಗಿ ಕೂತಿದ್ದವರು ನಮ್ಮ ಪ್ರಧಾನಿ ನರೇಂದ್ರ ಮೋದಿ. ನಾನು ಅಷ್ಟರಲ್ಲಿ ಕೆಲಸ ಬಿಟ್ಟು ಊರಿಗೆ ಬಂದು ಅಡಿಕೆ ತೋಟದ ಪೈಪು ರಿಪೇರಿ ಮಾಡಿಸುತ್ತಿದ್ದೆ. ಮೊಬೈಲಿನಲ್ಲಿ ಆ ಚಿತ್ರ ನೋಡಿ ವಿಚಿತ್ರ ಅನ್ನಿಸಿತು. ಆ ಸ್ಟೇಡಿಯಂಗಳ ಹುಲ್ಲಿಗೆ ನೀರು ಬಿಡುವವರು, ಕ್ಯಾಟರಿಂಗಿನ ಪೊಟ್ಟಣ ಕಟ್ಟುವವರು, ಗೇಟಿನಲ್ಲಿ ನಿಲ್ಲುವವರು, ಆಟ ಮುಗಿದ ಮೇಲೆ ಚಿಪ್ಸ್ ಪ್ಯಾಕೆಟ್ ಹೆಕ್ಕುವವರಲ್ಲಿ ಎಷ್ಟು ಜನ ನಮ್ಮವರು! ಕುವೈತಿನಲ್ಲಿ ಅತಿ ಹೆಚ್ಚಿರುವ ವಿದೇಶಿಯರು ಭಾರತೀಯರೇ. ಅದೇ ವರ್ಷ ಜೂನ್ 12ರಂದು ಮಂಗಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಸತ್ತವರಲ್ಲಿ ಕನಿಷ್ಠ ನಲವತ್ತೈದು ಮಂದಿ ಭಾರತೀಯರು, ಒಬ್ಬರು ಕಲಬುರಗಿ ಕಡೆಯವರು.

‘ನೀನು ಯಾರ ಕಡೆ?’ ಎಂದು ಊರಿನಲ್ಲಿ ಕೇಳುತ್ತಾರೆ. ಗಲ್ಫ್‌ನಲ್ಲಿ ಇದನ್ನು ನಮ್ಮನ್ನು ಯಾರೂ ಕೇಳುವುದಿಲ್ಲ. ಅನ್ನ ಹಾಕಿದ ದೇಶದ ಕಡೆ ಎಂಬುದು ಹೇಳದೆಯೂ ಗೊತ್ತಿರುವ ಉತ್ತರ. ರೂವಿಯಲ್ಲಿ ನಾವು ಒಮಾನ್, ದೇರಾದಲ್ಲಿ ನಮ್ಮ ಭಾವ ಯುಎಇ, ದಮ್ಮಾಮ್‌ನಲ್ಲಿ ನೆರೆಮನೆಯ ಹುಡುಗ ಸೌದಿ. ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಖಲೀಜಿ ಬಂತೆಂದರೆ ನಮ್ಮಲ್ಲೂ ಜಗಳ. ಬತಾಕದ ಅವಧಿ ಇರುವಷ್ಟು ದಿನ ನಡೆಯುವ ದೇಶಭಕ್ತಿ ಎಂದು ಭಾವ ನಗುತ್ತಿದ್ದರು. ನಾನು ಬತಾಕ ಒಪ್ಪಿಸಿ ಬಂದು ಆಗಿದೆ. ಆದರೂ 2025ರ ಜನವರಿ 4ರ ಫೈನಲ್‌ನಲ್ಲಿ ಒಮಾನ್ ಮೊದಲ ಗೋಲು ಹೊಡೆದು, ಆಮೇಲೆ ಎರಡು ನಿಮಿಷದ ಅಂತರದಲ್ಲಿ ಒಂದು ಪೆನಾಲ್ಟಿ ಮತ್ತು ಒಂದು ಸ್ವಂತ ಗೋಲಿನಿಂದ ಸೋತಾಗ ನನಗೆ ಊಟ ಸೇರಲಿಲ್ಲ.

ಒಂದು ವಿಷಯ ಬಾಕಿ ಇದೆ. 2018ರ ಜನವರಿ 5, ಶುಕ್ರವಾರ. ಹದಿನಾರು ದಿನದಲ್ಲಿ ಸಜ್ಜಾದ ಆ ಕುವೈತಿನ ಟೂರ್ನಿಯ ಫೈನಲ್. ಒಮಾನ್ ಎದುರು ಯುಎಇ. ನಿಗದಿತ ಸಮಯ ಮುಗಿಯುವ ಹೊತ್ತಿಗೆ ಯುಎಇಗೆ ಪೆನಾಲ್ಟಿ ಸಿಕ್ಕಿತು. ಒಮರ್ ಅಬ್ದುಲ್‌ರಹಮಾನ್ ಹೊಡೆದದ್ದನ್ನು ಫಾಯಿಜ್ ಅಲ್ ರುಶೈದಿ ಹಿಡಿದರು. ಪೆನಾಲ್ಟಿ ಶೂಟೌಟ್‌ನಲ್ಲಿ ಅದೇ ಒಮರ್, ಅದೇ ರುಶೈದಿ, ಮತ್ತೆ ಹಿಡಿದರು. ಒಮಾನ್‌ಗೆ ಎರಡನೆಯ ಕಪ್.

ಶನಿವಾರ ಬೆಳಿಗ್ಗೆ ಆರಕ್ಕೆ ಅಬು ಸಾಲಿಂ ನಮ್ಮ ಬಿಲ್ಡಿಂಗ್ ಕೆಳಗೆ ಕಾರು ನಿಲ್ಲಿಸಿ ಹಾರ್ನ್ ಹೊಡೆದರು. ಹಿಂದಿನ ಸೀಟಿನಲ್ಲಿ ದೊಡ್ಡದೊಂದು ಡಬ್ಬಿ ಒಮಾನಿ ಹಲ್ವ, ಕೇಸರಿ, ಏಲಕ್ಕಿ, ಗುಲಾಬಿ ನೀರಿನ ಘಮ ಕಾರಿಡೀ. ‘ಈ ಸಲ ಫೋನ್ ಮಾಡುವುದಿಲ್ಲ,’ ಅಂದರು. ಸೋಹಾರ್ ದಾರಿಯಲ್ಲಿ ನಾಲ್ಕು ಗಂಟೆ. ಬುರೈಮಿಯ ಗಡಿ ಗೇಟಿನ ಹತ್ತಿರ ಕಾರು ನಿಂತಿತು. ಅವರಿಗೆ ಐಡಿ ಕಾರ್ಡ್ ಸಾಕು, ನನಗೆ ವೀಸಾ ಬೇಕು. ಇಷ್ಟು ವರ್ಷ ನನ್ನ ಕಾಗದ ಓಡಾಡಿಸಿದ ಮನುಷ್ಯ ಒಂದು ಕ್ಷಣ ನನ್ನ ಮುಖ ನೋಡಿ, ಪೆಚ್ಚಾಗಿ, ಎದುರಿನ ಚಹಾದಂಗಡಿ ತೋರಿಸಿದರು.

ಬೇಲಿಯ ಪಕ್ಕದ ಆ ಅಂಗಡಿಯಲ್ಲಿ ಕಣ್ಣೂರಿನವನೊಬ್ಬನ ಹತ್ತಿರ ಮೂರು ಕರಕ್ ಕುಡಿದೆ. ಎರಡೂವರೆ ಗಂಟೆ. ಆಚೆಯ ಖರ್ಜೂರದ ತಲೆಗಳು ಈಚೆಯವುಗಳ ಹಾಗೆಯೇ ಇದ್ದವು.

ಅಬು ಸಾಲಿಂ ವಾಪಸ್ ಬಂದಾಗ ಕಾರಿನ ಹಿಂದಿನ ಸೀಟಿನಲ್ಲಿ ಅದೇ ಡಬ್ಬಿ. ತಿನ್ನಲಿಲ್ಲವೋ ಎಂದು ಕೇಳಿದೆ. ‘ಪೂರ್ತಿ ತಿಂದ. ಬೈಯುತ್ತಾ ತಿಂದ. ಹೆಂಡತಿ ಮಕ್ಕಳೂ ತಿಂದರು. ಚಿಕ್ಕಮ್ಮ ಡಬ್ಬಿ ತೊಳೆದು ಇದನ್ನು ತುಂಬಿದಳು,’ ಎಂದು ಮುಚ್ಚಳ ತೆಗೆದರು. ಖಲಾಸ್ ಎಂಬ ತಳಿಯ ಖರ್ಜೂರ, ಮೇಲೆ ಎಳ್ಳು ಉದುರಿಸಿತ್ತು. ಅದರ ಮೇಲೆ ಮಡಿಸಿಟ್ಟ ಒಂದು ಯುಎಇ ಬಾವುಟ. ಬಾವುಟವನ್ನು ಅವರು ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ನಮ್ಮೆಲ್ಲರ ಬತಾಕದ ಫೋಟೋಕಾಪಿಗಳ ಕೆಳಗೆ ಇಟ್ಟರು. ಸೋಹಾರ್ ದಾಟುವಷ್ಟರಲ್ಲಿ ಡಬ್ಬಿ ಅರ್ಧ ಆಗಿತ್ತು, ಬೀಜಗಳನ್ನು ಕಿಟಕಿಯಿಂದ ಉಗುಳುತ್ತಾ ಬಂದೆವು.